ಪೆನ್ನಿನಿಂದ ಗೀಚಿ ತಿದ್ದುವ ಆ್ಯಪ್: ಪೇಟೆಂಟ್ ತಿರಸ್ಕಾರ, ಮೇಲ್ಮನವಿ ಹಾಕಬಹುದಾ?

ಸೋಮವಾರಪೇಟೆಯವ:
ಟ್ಯಾಬ್ಲೆಟ್ ಮೇಲೆ ಪೆನ್ನಿನಿಂದ ಕನ್ನಡ ಕರಡು ತಿದ್ದುವ ಆ್ಯಪ್ ಮಾಡಿದ್ದೇನೆ. ಪದದ ಮೇಲೆ ಗೀಚಿದರೆ ಪದ ಹೋಗುತ್ತೆ. ಒತ್ತಿನ ಮೇಲೆ ಮಾತ್ರ ಗೀಚಿದರೆ ಒತ್ತು ಮಾತ್ರ ಹೋಗುತ್ತೆ. ಜೂನ್‌ನಲ್ಲಿ ತಿರಸ್ಕಾರದ ಆದೇಶ ಬಂತು. ಗೀಚಿ ಅಳಿಸುವ ಒಂದು ಹಳೇ ಪೇಟೆಂಟು, ಅಕ್ಷರವನ್ನು ಭಾಗಗಳಾಗಿ ಬಿಡಿಸುವ ಇನ್ನೊಂದು ದಾಖಲೆ, ಎರಡನ್ನೂ ಸೇರಿಸಿದರೆ ಈ ಕೆಲಸ ಬಲ್ಲವರಿಗೆ ಸಹಜವಾಗಿ ಹೊಳೆಯುತ್ತದಂತೆ. ಇದ್ದದ್ದೇ ಒಂದೂವರೆ ಪುಟ. ಮುಂದೇನು?

ಕುಶಾಲನಗರ ಕಡೆಯವ:
ಸುಮ್ನೆ ದುಡ್ಡು ದಂಡ ಗುರು. ಐಪ್ಯಾಡ್‌ನಲ್ಲಿ 2020ರಿಂದಲೇ ಗೀಚಿದರೆ ಅಳಿಸುತ್ತೆ.

ಗೋಣಿಕೊಪ್ಪ ತೋಟ:
2020 ಏನು ಬಂತು, 1960ರ ದಶಕದಲ್ಲೇ ಅಮೆರಿಕದ ರ‍್ಯಾಂಡ್ ಸಂಸ್ಥೆಯ ಕಂಪ್ಯೂಟರ್ ವ್ಯವಸ್ಥೆ ಗ್ರೇಲ್‌ನಲ್ಲಿ ಪೆನ್ನಿನಿಂದ ಉಜ್ಜಿದರೆ ಅಳಿಸುತ್ತಿತ್ತು. 1993ರ ಆ್ಯಪಲ್‌ನ ಕೈಗಣಕ ನ್ಯೂಟನ್‌ನಲ್ಲೂ ಇತ್ತು. ಹಾಗಾಗಿ ತಮ್ಮಾ, ಗೀಚುವುದು ನಿನ್ನದು ಅಂತ ವಾದಿಸಲೇಬೇಡ. ತೋಟಕ್ಕೆ ಬರುವ ಮೊದಲು ಪೇಟೆಂಟ್ ಏಜೆಂಟ್ ಆಗಿದ್ದೆ, ಅಲ್ಲಿ ಸೋತವರನ್ನು ಬೇಕಾದಷ್ಟು ನೋಡಿದ್ದೇನೆ.

ನಿನ್ನ ಜೀವ ಇರುವುದು ಒತ್ತಿನಲ್ಲಿ. 'ಅಕ್ಕಿ' ತಗೋ. ಗುಡಿಸು ಕಾಣುವುದು ಮೇಲಿನ ಕಕಾರಕ್ಕೆ, ಕಂಪ್ಯೂಟರ್ ಒಳಗಿನ ಕ್ರಮದಲ್ಲಿ ಅದು ಒತ್ತಿನ ಆಚೆ ಕೂತಿರುತ್ತೆ. ನಡುವಿನದ್ದನ್ನು ಮಾತ್ರ ಕಿತ್ತು 'ಅಕಿ' ಉಳಿಸಬೇಕು. 'ಸೂರ್ಯ'ದ ಅರ್ಕಾವೊತ್ತು ಇನ್ನೂ ತರಲೆ. ಕಣ್ಣಿಗೆ ಬಲಗಡೆ, ಒಳಗೆ ಯಕಾರಕ್ಕಿಂತ ಮೊದಲು. ಪೆನ್ನು ಮುಟ್ಟಿದ ಜಾಗ ಒಂದು, ಅಳಿಸಬೇಕಾದ ಜಾಗ ಇನ್ನೊಂದು. ಆ ಎರಡು ದಾಖಲೆಗಳಲ್ಲಿ ಇದಕ್ಕೆ ಉತ್ತರ ಇದೆಯಾ? ಇಲ್ಲದಿದ್ದರೆ ಅದೇ ನಿನ್ನ ವಾದ.

ಆದೇಶವೂ ತೆಳ್ಳಗಿದೆ. ಹಳೆಯದರಲ್ಲಿ ಏನಿದೆ, ಅರ್ಜಿಯಲ್ಲಿ ಏನಿದೆ, ಅಲ್ಲಿಂದ ಇಲ್ಲಿಗೆ ಹೇಗೆ ಹೊಳೆಯುತ್ತೆ, ಮೂರನ್ನೂ ಬರೆಯಲೇಬೇಕು ಅಂತ ದೆಹಲಿ ಹೈಕೋರ್ಟ್ 2022ರ ಅಗ್ರಿಬೋರ್ಡ್ ತೀರ್ಪಿನಲ್ಲಿ ಹೇಳಿದೆ. ಆದರೆ ಅದನ್ನೇ ನೆಚ್ಚಿಕೊಂಡರೆ ಪ್ರಕರಣ ಮರುಪರಿಶೀಲನೆಗೆ ವಾಪಸ್ ಹೋಗಬಹುದು ಅಷ್ಟೇ, ಪೇಟೆಂಟ್ ಕೈಗೆ ಬರಲ್ಲ.

ಮೊದಲು ಇಂಥ ಮೇಲ್ಮನವಿ ಕೇಳುತ್ತಿದ್ದ ಮಂಡಳಿ 2021ರಲ್ಲಿ ರದ್ದಾಯ್ತು. ಈಗ ಪೇಟೆಂಟ್ ಕಾಯ್ದೆಯ 117ಎ ಕಲಂ ಪ್ರಕಾರ ನೇರ ಹೈಕೋರ್ಟ್, ಮೂರು ತಿಂಗಳೊಳಗೆ. ಕೈಲ್‌ಪೊಳ್ದ್ ಹಬ್ಬ ಸೆಪ್ಟೆಂಬರ್‌ನಲ್ಲಿ, ಅದು ಮುಗಿಸಿ ನೋಡೋಣ ಅಂತ ಕೂತರೆ ಗಡುವೂ ಮುಗಿಯುತ್ತೆ.

ಸೋಮವಾರಪೇಟೆಯವ:
ಥ್ಯಾಂಕ್ಸ್ ಅಣ್ಣ. ಎರಡು ದಿನದಿಂದ ಕರೆಂಟಿಲ್ಲ, ಈಗ ಓದಿದೆ. ಅರ್ಜಿಯಲ್ಲಿ ಇದಿಷ್ಟು ನನ್ನ ಹಕ್ಕು ಅಂತ ಬರೆಯುವ ಅಂಶಗಳೇ ಕ್ಲೇಮ್ ತಾನೇ, ಒತ್ತಿನ ವಿಷಯ ಇರುವುದು ನಾಲ್ಕನೇ ಕ್ಲೇಮ್‌ನಲ್ಲಿ. ಮೊದಲನೆಯದರಲ್ಲಿ ಬರೀ ಗೀಚಿದರೆ ಅಳಿಸುವುದು.

ಗೋಣಿಕೊಪ್ಪ ತೋಟ:
ಅಯ್ಯೋ, ನಿನ್ನ ಏಜೆಂಟ್ ಏನು ಮಾಡ್ತಿದ್ದ ಮಾರಾಯ! ನಾಲ್ಕನೆಯದನ್ನು ಮೊದಲನೆಯದಕ್ಕೆ ಸೇರಿಸಿ ಕಿರಿದು ಮಾಡು. ಮೇಲ್ಮನವಿ ಹಂತದಲ್ಲೂ ಕ್ಲೇಮ್ ತಿದ್ದಬಹುದು ಅಂತ 2023ರಲ್ಲಿ ದೆಹಲಿ ಹೈಕೋರ್ಟ್ ಒಂದು ಪ್ರಕರಣದಲ್ಲಿ ಒಪ್ಪಿದೆ. ಮೂಲ ವಿವರಣೆಯಲ್ಲಿ ಇಲ್ಲದ್ದನ್ನು ಹೊಸದಾಗಿ ತುರುಕುವಂತಿಲ್ಲ. ಅರ್ಕಾವೊತ್ತಿನ ಉದಾಹರಣೆ ಅದರಲ್ಲಿ ಇದೆಯಾ ನೋಡು. 3(ಕೆ), ಅಂದರೆ ಬರೀ ಕಂಪ್ಯೂಟರ್ ಪ್ರೋಗ್ರಾಂ ಎಂಬ ಆಕ್ಷೇಪಣೆಯೂ ಆದೇಶದಲ್ಲಿದ್ದರೆ ಈಗಲೇ ಹೇಳು, ಅದು ಬೇರೆಯೇ ತಲೆನೋವು.