ಹೈಪರ್, ಹೈಪೋ ಎರಡೂ ಕಿವಿಗೆ ಒಂದೇ ಥರ ಕೇಳುತ್ತೆ. ಹೇಗೆ ನೆನಪಿಡೋದು?

ಸಿಂಧನೂರು ಹುಡುಗಿ:
ನಾನು ಪಿಯುಸಿ ಆರ್ಟ್ಸ್, ಕನ್ನಡ ಮೀಡಿಯಂ. ಈಗ ರಾಯಚೂರಿನಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮೊದಲ ವರ್ಷ. ಹೋದ ವಾರ ವಾರ್ಡಿನಲ್ಲಿ ಮರ್ಯಾದೆ ಹೋಯಿತು. ಆ ತುದಿಯಿಂದ ಸಿಸ್ಟರ್ "ನಾಲ್ಕನೇ ಬೆಡ್ ಹೈಪೋಗ್ಲೈಸೀಮಿಯ, ಬರ್ಕೋ" ಅಂತ ಕೂಗಿದರು. ಅಂದರೆ ಶುಗರ್ ಕಡಿಮೆ. ನಾನು ಹೈಪರ್, ಅಂದರೆ ಜಾಸ್ತಿ, ಅಂತ ಬರೆದೆ. ಬರೆದದ್ದಷ್ಟೇ ಆಗಿದ್ದರೆ ಸರಿ. ಅಜ್ಜನ ಮಗಳು ಚಹಾ ಹಿಡಿದು ನಿಂತಿದ್ದಳು, "ಸಕ್ಕರೆ ಹಾಕಿದ್ದು ಕೊಡಬೇಡಿ" ಅಂತ ಬುದ್ಧಿ ಬೇರೆ ಹೇಳಿದೆ! ಅಜ್ಜನ ಬನಿಯನ್ ಬೆವರಿಗೆ ಒದ್ದೆ, ಕೈ ನಡುಗುತ್ತಿತ್ತು. ಶುಗರ್ 52. ಸಿಸ್ಟರ್ ಓಡಿ ಬಂದು ಗ್ಲೂಕೋಸ್ ನೀರು ಕುಡಿಸಿದರು. 15 ನಿಮಿಷಕ್ಕೆ 88 ಆಯಿತು. ಬಾಯಿಪಾಠ ಮಾಡಿದರೂ ಈ ಎರಡು ಪದ ಅದಲು ಬದಲಾಗುತ್ತವೆ. ಏನಾದರೂ ದಾರಿ ಇದೆಯಾ?

ಬಳ್ಳಾರಿ ಹಳೇ ಸಿಸ್ಟರ್:
ನಾನೂ ಕನ್ನಡ ಮೀಡಿಯಂನವಳೇ ಕಣಮ್ಮ. ಒಂದು ಉಪಾಯ ಹೇಳ್ತೀನಿ. ಪದವನ್ನು ಹಿಂದಿನಿಂದ ಓದು. ಎಮಿಯ ಅಂದರೆ ರಕ್ತದಲ್ಲಿ. ಗ್ಲೈಕ್ ಅಂದರೆ ಸಿಹಿ. ಹೈಪೋ ಅಂದರೆ ಕಡಿಮೆ. ರಕ್ತದಲ್ಲಿ ಸಿಹಿ ಕಡಿಮೆ. ನೋಡು, ನಾವು ಮನೇಲಿ ಮಾತಾಡೋ ಸಾಲೇ ಬಂತಲ್ವಾ? ಹೈಪರ್‌ನೇಟ್ರೀಮಿಯ: ರಕ್ತದಲ್ಲಿ ಸೋಡಿಯಂ ಜಾಸ್ತಿ. ಹೈಪೋಕೇಲೀಮಿಯ: ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ. ನೇಟ್ರಿಯಂ, ಕೇಲಿಯಂ ಅನ್ನೋದು ಅವುಗಳ ಲ್ಯಾಟಿನ್ ಹೆಸರು, ಅದಕ್ಕೇ ಲ್ಯಾಬ್ ರಿಪೋರ್ಟಿನಲ್ಲಿ ಎನ್‌ಎ, ಕೆ ಅಂತ ಇರುತ್ತೆ.

ಇನ್ನೊಂದು ಮಾತು. ಫೋನಿನಲ್ಲಾಗಲಿ, ಕೂಗಿ ಹೇಳುವಾಗಾಗಲಿ ಬರೀ ಪದ ನಂಬಬೇಡ. ನಂಬರ್ ಕೇಳು. 52 ಅಂದರೆ ಯಾರಿಗೂ ತಪ್ಪು ಕೇಳಿಸಲ್ಲ. 70ಕ್ಕಿಂತ ಕೆಳಗೆ ಇದ್ದರೆ ಹೈಪೋ. ತಪ್ಪು ನಿನ್ನದೊಬ್ಬಳದೇ ಅಲ್ಲ ಬಿಡು, ಕೂಗಿದವರದ್ದೂ ಅರ್ಧ ಇದೆ.

ಕೊಪ್ಪಳ ಮೇಷ್ಟ್ರು:
ನಾನು ಆಸ್ಪತ್ರೆಯವನಲ್ಲ, ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು. ಸುಮ್ನೆ ಬಾಯಿ ಹಾಕ್ತಿದೀನಿ. ಈ ಎರಡೂ ಗ್ರೀಕ್ ಪದಗಳು, ಸಂಸ್ಕೃತದ ಉಪರಿ, ಉಪ ಇವುಗಳ ದಾಯಾದಿಗಳು. ಹೈಪರ್ ಅಂದರೆ ಉಪರಿ, ಮೇಲೆ. ಹೈಪೋ ಅಂದರೆ ಉಪ. ಉಪಾಧ್ಯಕ್ಷ ಅಧ್ಯಕ್ಷನಿಗಿಂತ ಕೆಳಗೆ ತಾನೇ? ಪಂಚಾಯಿತಿ ನೆನಪಿಸಿಕೊಂಡರೆ ಸಾಕು.

ಸಿಂಧನೂರು ಹುಡುಗಿ:
ಅಯ್ಯೋ, ಉಪಾಧ್ಯಕ್ಷ ಸೂಪರ್ ಸರ್! ಆದರೆ ಹೈಪೋಡರ್ಮಿಕ್ ಸೂಜಿ ಅಂತಾರಲ್ಲ, ಅಲ್ಲಿ ಚರ್ಮ ಕಡಿಮೆ ಅಂತಾನಾ?

ಬಳ್ಳಾರಿ ಹಳೇ ಸಿಸ್ಟರ್:
ಇಲ್ಲ, ಅಲ್ಲಿ ಮೇಷ್ಟ್ರ ಉಪ ಹಿಡ್ಕೋ. ಚರ್ಮದ ಕೆಳಗೆ. ಹೈಪೋದ ಮೂಲ ಅರ್ಥವೇ ಕೆಳಗೆ, ಅಳತೆಯ ವಿಷಯ ಬಂದಾಗ ಅದು ಕಡಿಮೆ ಆಗುತ್ತೆ. ಹೈಪರ್‌ಥರ್ಮಿಯ ಮಾತ್ರ ನಾನು ಹೇಳಲ್ಲ. ಮೇ ತಿಂಗಳಲ್ಲಿ ರಾಯಚೂರಿನಲ್ಲಿದ್ದವರಿಗೆ ಅದನ್ನ ಬೇರೆ ಕಲಿಸಬೇಕಾ? ಈಗ ನೀನು ಹೇಳು, ಹೈಪೋಕಾಂಡ್ರಿಯಂ ಎಲ್ಲಿದೆ? ಕಾಂಡ್ರೋ ಅಂದರೆ ಮೆದುಮೂಳೆ.

ಸಿಂಧನೂರು ಹುಡುಗಿ:
ಮೆದುಮೂಳೆಯ ಕೆಳಗೆ... ಪಕ್ಕೆಲುಬಿನ ತುದಿ ಮೆದು ಇರುತ್ತಲ್ಲ, ಅದರ ಕೆಳಗೆ. ಹೊಟ್ಟೆಯ ಮೇಲ್ಭಾಗ, ಬಲಕ್ಕೆ ಲಿವರ್, ಎಡಕ್ಕೆ ಸ್ಪ್ಲೀನ್! ಪುಸ್ತಕ ನೋಡಿಲ್ಲ ಸಿಸ್ಟರ್, ಆಣೆ.