ಸಮಸ್ಯಾಪೂರಣ: ಹುಸಿಯ ನುಡಿದವ ದಿಟವ ನುಡಿದನು

ಗೆಳೆಯರೇ, ಈ ಸಲದ ಸಮಸ್ಯೆ ಇದು. ಆರು ಸಾಲಿನ ಪದ್ಯವಾದ ಭಾಮಿನಿ ಷಟ್ಪದಿಯ ಕೊನೆಯ ಸಾಲು ಕೊಟ್ಟಿದ್ದೇನೆ, ಮೊದಲ ಐದು ಸಾಲು ಬರೆದು ಪೂರ್ತಿ ಮಾಡುವುದೇ ಪೂರಣ:

ಹುಸಿಯ ನುಡಿದವ ದಿಟವ ನುಡಿದನು ದೇವನೆದುರಿನಲಿ

ಪ್ರಾಸ 'ಸ'ಕಾರ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ 'ಸ'. ಮೊದಲಕ್ಷರ ಲಘು (ಹ್ರಸ್ವ). ದೇವರು ಮಾತಿಗೆ ಸಿಗುವವನಲ್ಲ ಅನ್ನುತ್ತೇವೆ. ಆದರೂ ದಿನವೂ ಅವನ ಬಗ್ಗೆ ಮಾತಾಡುತ್ತೇವೆ. ತೈತ್ತಿರೀಯ ಉಪನಿಷತ್ತನ್ನೇ ನೋಡಿ. ಮಾತು, ಮನಸ್ಸು ಎರಡೂ ಮುಟ್ಟಲಾರದೆ ಹಿಂತಿರುಗುತ್ತವೆ ಎಂದು ಹೇಳಿ, ಮುಂದಿನ ಸಾಲಿನಲ್ಲೇ ಬ್ರಹ್ಮದ 'ಆನಂದ' ಎನ್ನುತ್ತದೆ. ಆನಂದವೂ ಒಂದು ಮಾತೇ ಅಲ್ವಾ? ಆ ಇಕ್ಕಟ್ಟನ್ನೇ ಹಿಡಿದು ಬರೆಯಿರಿ.

ಪೂರಣ 1

ಹಸುಳೆ ಬೊಗಸೆಯ ನೀರ ತೋರುತ
ನಸುನಗುತ ಕಡಲೆಂದು ಕರೆಯಿತು
ಉಸಿರುಗಟ್ಟುವ ಅಲೆಯ ಸದ್ದದರೊಳಗೆ ಇರಲಿಲ್ಲ
ಅಸದಳವು ಕಡಲನ್ನು ತರುವುದು
ಹಸಿಯ ಕೈಗಳಲುಪ್ಪು ನಿಜವದು
ಹುಸಿಯ ನುಡಿದವ ದಿಟವ ನುಡಿದನು ದೇವನೆದುರಿನಲಿ

– ಮೂರನೇ ಸಾಲಿನಲ್ಲಿ ಎರಡು ಕಡೆ ವಿಸಂಧಿ ಆಗಿದೆ (ಸಂಧಿ ಆಗಬೇಕಾದಲ್ಲಿ ಆಗಿಲ್ಲ), ತಿದ್ದಿಕೊಳ್ಳಿ. ಉಪ್ಪಿನ ಸಾಲು ಮಾತ್ರ ಹಾಗೇ ಇರಲಿ. ಬಹಳ ಚೆನ್ನಾಗಿದೆ.

ಪೂರಣ 2

ವಸನ ತಂತಿಯ ಮೇಲೆ ಕುಣಿದರೆ
ಪಸರಿಸಿದ ಗಾಳಿಯನೆ ಕಂಡೆನು
ಬಿಸಿಲಿಗೊಣಗುವ ಬಟ್ಟೆ ಗಾಳಿಯೆ? ಅಲ್ಲ, ಬಲ್ಲೆನದ
ಹೆಸರುಗಳು ನಿನಗಂಥ ಬಟ್ಟೆಯೆ
ಹೊಸೆದು ತಂದೆಯೆ ತಾಯೆ ಎಂದೆನು
ಹುಸಿಯ ನುಡಿದವ ದಿಟವ ನುಡಿದನು ದೇವನೆದುರಿನಲಿ

– ಸರ್, ಒಂದು ಅನುಮಾನ. ಎಲ್ಲ ಹೆಸರೂ ಬರೀ ಬಟ್ಟೆಯಾದರೆ 'ಕರುಣಾಳು' ಅಂದರೂ ಒಂದೇ, 'ಕ್ರೂರಿ' ಅಂದರೂ ಒಂದೇ ಆಗಿಬಿಡುತ್ತಲ್ಲ?

– ಒಳ್ಳೆಯ ಪ್ರಶ್ನೆ. ದೇವರಿಗೆ ಗುಣಗಳನ್ನು ಹೊರಿಸಿದರೆ ಅವನ ಏಕತೆಗೆ ಭಂಗ ಎಂದು 12ನೇ ಶತಮಾನದ ಯಹೂದಿ ಚಿಂತಕ ಮೈಮೊನಿಡೀಸ್, ದೇವರು ಏನಲ್ಲ ಅನ್ನುವುದನ್ನಷ್ಟೇ ಹೇಳಿ ಎಂದರು. ನಮ್ಮ ಉಪನಿಷತ್ತಿನ 'ನೇತಿ ನೇತಿ'ಯ (ಇದಲ್ಲ, ಇದಲ್ಲ) ಹತ್ತಿರದ ದಾರಿ ಅದು. ಮುಂದಿನ ಶತಮಾನದಲ್ಲಿ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಅಷ್ಟು ಸಾಲದು ಎಂದರು. 'ಆರೋಗ್ಯ' ಅನ್ನುವ ಮಾತು ಅವರು ಕೊಟ್ಟ ಉದಾಹರಣೆ. ದೇಹಕ್ಕೂ ಹೇಳುತ್ತೇವೆ, ಆರೋಗ್ಯ ತರುವುದರಿಂದ ಔಷಧಿಗೂ ಹೇಳುತ್ತೇವೆ. ಅರ್ಥ ಎರಡು ಕಡೆಯೂ ಒಂದೇ ಅಲ್ಲ, ಸಂಬಂಧವೇ ಇಲ್ಲ ಅಂತಲೂ ಅಲ್ಲ. 'ಒಳ್ಳೆಯವನು' ಎಂದು ದೇವರಿಗೆ ಹೇಳುವಾಗಲೂ ಹಾಗೆಯೇ. ಬೊಗಸೆಯ ನೀರು ಕಡಲಲ್ಲ, ಆದರೆ ಕಡಲಿಂದಲೇ ಬಂದದ್ದು. ಅದಕ್ಕೇ ಉಪ್ಪಿದೆ. 'ಕ್ರೂರಿ' ಅನ್ನುವ ಮಾತಿನಲ್ಲಿ ಆ ಉಪ್ಪಿಲ್ಲ. ನನಗೆ ಈ ದಾರಿಯೇ ಜಾಸ್ತಿ ಹಿಡಿಸುತ್ತದೆ. ಇಷ್ಟೆಲ್ಲ ಬರೆದ ಅಕ್ವಿನಾಸ್ 1273ರ ಡಿಸೆಂಬರಿನಲ್ಲಿ ಬರೆಯುವುದನ್ನೇ ನಿಲ್ಲಿಸಿಬಿಟ್ಟರು. ಮುಂದೆ ಕೆಲವೇ ತಿಂಗಳು ಬದುಕಿದ್ದರು.

– ನಾನು ಅಷ್ಟು ಓದಿದವಳಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ರಾತ್ರಿಯಿಡೀ ಬಾಗಿಲ ಹೊರಗೆ ಕೂತು 'ಕೈ ಬಿಡಬೇಡಪ್ಪಾ' ಅಂತಿದ್ದೆ. ದೇವರಿಗೆ ಕೈ ಇಲ್ಲ ಅಂತ ನನಗೆ ಆಗಲೂ ಗೊತ್ತಿತ್ತು. ಬೇರೆ ಮಾತು ಬಾಯಿಗೆ ಬರಲಿಲ್ಲ. ಇವತ್ತು ಅದನ್ನೇ ಬರೆದೆ.

ಪೂರಣ 3

ಬಸವಳಿದು ಕೈಬಿಡದಿರೆಂದೆನು
ಹಸಿದ ಕೂಸಿನ ತೆರದಿ ಕೂಗುತ
ಬೆಸೆದ ಬೆರಳುಗಳೆಲ್ಲಿ ನಿನ್ನವು? ಕೈಯೆ ನಿನಗಿಲ್ಲ
ಕಸಿವಿಸಿಯು ಹಗುರಾಯ್ತು ಮೆಲ್ಲನೆ
ಬಿಸುಪು ತಾಗಿದ ಹಾಗೆ ಬೆರಳಿಗೆ
ಹುಸಿಯ ನುಡಿದವ ದಿಟವ ನುಡಿದನು ದೇವನೆದುರಿನಲಿ

– ಅಕ್ಕಾ, ಐದನೇ ಸಾಲಿನ 'ಹಾಗೆ'ಯನ್ನು ಯಾರು ಹೇಳಿದರೂ ತೆಗೆಯಬೇಡಿ. ತೆಗೆದರೆ ದೇವರಿಗೆ ಕೈ ಬಂದುಬಿಡುತ್ತದೆ. ಇಡೀ ಸಾಲನ್ನೇ ತೆಗೆದರೆ ಆ ರಾತ್ರಿ ನಿಮಗೆ ತಾಗಿದ ಬಿಸುಪೂ ಹೋಗುತ್ತದೆ.