ಎಲ್ಲರೂ ‘ಮಾಡ್ತೀವಿ’ ಅಂತಾರೆ, ಅಭ್ಯರ್ಥಿಯ ನಿಜವಾದ ನಿಲುವು ತಿಳಿಯುವುದು ಹೇಗೆ?

ಕೇಳಿದವರು, ತೀರ್ಥಹಳ್ಳಿ ಕಡೆಯಿಂದ:
ನಮಸ್ಕಾರ. 2028ರ ವಿಧಾನಸಭೆ ಚುನಾವಣೆಗೆ ಟಿಕೆಟ್ ಬೇಕು ಅನ್ನುವವರು ನಮ್ಮ ಕಡೆ ಈಗಲೇ ಓಡಾಡುತ್ತಿದ್ದಾರೆ. ಮದುವೆ, ಗೃಹಪ್ರವೇಶ, ಕಬಡ್ಡಿ ಪಂದ್ಯ, ಎಲ್ಲಿ ನೋಡಿದರೂ ಅವರೇ. ಮಾತು ಕಾಲುಸಂಕದಿಂದ ಶುರುವಾಗಿ ಕಾಶ್ಮೀರದವರೆಗೂ ಹೋಗುತ್ತದೆ. ಆದರೆ ಯಾರು ಯಾವುದರ ಪರ, ಯಾವುದಕ್ಕೆ ವಿರೋಧ ಅಂತ ಕೊನೆಗೂ ಗೊತ್ತಾಗುವುದಿಲ್ಲ. ಊರಿನ ಹತ್ತು ಹನ್ನೆರಡು ಹುಡುಗ ಹುಡುಗಿಯರು ಸೇರಿ ಅವರನ್ನೆಲ್ಲ ಒಂದೇ ದಿನ ಸಮುದಾಯ ಭವನಕ್ಕೆ ಕರೆಸೋಣ ಅಂದುಕೊಂಡಿದ್ದೇವೆ. ಹೀಗೆ ಮಾಡಿದವರು ಇದ್ದರೆ ಏನು ಕೇಳಬೇಕು, ಹೇಗೆ ಕೇಳಬೇಕು ಹೇಳುತ್ತೀರಾ?

ಶಿರಸಿ ಕಡೆಯ ಅಡಿಕೆ ಬೆಳೆಗಾರ:
ಒಳ್ಳೆಯ ಕೆಲಸ ತಮ್ಮಾ, ಬಿಡಬೇಡಿ. ನಾವು 2018ರಲ್ಲಿ ನಮ್ಮೂರ ಸೊಸೈಟಿ ಅಂಗಳದಲ್ಲಿ ಇದನ್ನೇ ಮಾಡಿದ್ದೆವು. ನಮ್ಮ ಮೊದಲ ಪ್ರಶ್ನೆಯೇ ತಪ್ಪಾಗಿತ್ತು. "ಕಸ್ತೂರಿರಂಗನ್ ವರದಿಗೆ ನೀವು ಪರವೋ ವಿರೋಧವೋ?" ಅಂತ ಕೇಳಿಬಿಟ್ಟೆವು. ಪಶ್ಚಿಮ ಘಟ್ಟದ ಯಾವ ಭಾಗವನ್ನು ಪರಿಸರ ಸೂಕ್ಷ್ಮ ಪ್ರದೇಶ ಅಂತ ಕಾಪಾಡಬೇಕು ಅನ್ನುವ ವರದಿ ಅದು. ಮಲೆನಾಡಿನಲ್ಲಿ ಓಟು ಕೇಳಲು ಬಂದವರು ಇನ್ನೇನು ಹೇಳುತ್ತಾರೆ? ಎಲ್ಲರೂ "ವಿರೋಧ" ಅಂದರು, ಚಪ್ಪಾಳೆ ಬಿತ್ತು, ನಮಗೆ ಹೊಸದೇನೂ ತಿಳಿಯಲಿಲ್ಲ.

ಆಮೇಲೆ ಒಬ್ಬ ಹಿರಿಯರು ಎದ್ದು ಬೇರೆ ರೀತಿ ಕೇಳಿದರು. "ಆ ವರದಿ ಗಣಿಗಾರಿಕೆ ಬೇಡ ಅನ್ನುತ್ತದೆ. ಕಲ್ಲುಕೋರೆ ಬೇಡ, ಉಷ್ಣ ವಿದ್ಯುತ್ ಸ್ಥಾವರ ಬೇಡ, ಕೆಂಪು ಪಟ್ಟಿಯ, ಅಂದರೆ ಹೆಚ್ಚು ಮಾಲಿನ್ಯ ಮಾಡುವ ಕಾರ್ಖಾನೆ ಬೇಡ, 20,000 ಚದರ ಮೀಟರ್‌ಗಿಂತ ದೊಡ್ಡ ಕಟ್ಟಡ ಬೇಡ ಅನ್ನುತ್ತದೆ. ಇವುಗಳಲ್ಲಿ ನಿಮಗೆ ಯಾವುದು ಒಪ್ಪಿಗೆ, ಯಾವುದು ಇಲ್ಲ?" ಇಬ್ಬರು ಸುಮ್ಮನಾದರು. ಒಬ್ಬರು ಮಾತ್ರ "ಗಣಿ, ಕೋರೆ ಬೇಡ ಅನ್ನುವುದು ನನಗೂ ಒಪ್ಪಿಗೆ. ಜನ ಇರುವ ಊರು, ತೋಟವನ್ನು ನಕ್ಷೆಯೊಳಗೆ ಸೇರಿಸಿದ ರೀತಿ ಒಪ್ಪಿಗೆ ಇಲ್ಲ" ಅಂದರು. ಕೆಲವರು ಕೂಗಾಡಿದರು. ನನಗೂ ಅವರ ಮಾತು ಪೂರ್ತಿ ಸರಿ ಅನ್ನಿಸಲಿಲ್ಲ. ಆದರೆ ಆ ಸಂಜೆ ಮನಸ್ಸಿನಲ್ಲಿ ಇರುವುದನ್ನು ಹೇಳಿದವರು ಅವರೊಬ್ಬರೇ.

ಈಗಲೂ ಇದು ಮುಗಿದ ವಿಷಯ ಅಲ್ಲ. ಕೇಂದ್ರ 2024ರ ಜುಲೈ ಕೊನೆಗೆ ಆ ಸೂಕ್ಷ್ಮ ಪ್ರದೇಶ ಗುರುತಿಸುವ ಕರಡು ಅಧಿಸೂಚನೆಯನ್ನು ಆರನೇ ಬಾರಿ ಹೊರಡಿಸಿತು. ಅದರಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಇದೆ. ಅದೇ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ವರದಿ ಬೇಡ ಅಂದಿತು. ದೆಹಲಿಯ ಆದೇಶ, ಬೆಂಗಳೂರಿನ ತೀರ್ಮಾನ, ನಮ್ಮ ಹಿತ್ತಿಲು ಮೂರೂ ಒಂದೇ ಕಡೆ ಸೇರುವ ಜಾಗ ಇದು.

ಇನ್ನೊಂದು, ಅರಣ್ಯ ಹಕ್ಕು ಕಾಯ್ದೆ. ಕಾಡಿನಲ್ಲಿ ನೆಲೆಸಿದವರಿಗೆ ಆ ಜಾಗದ ಹಕ್ಕು ಕೊಡುವ 2006ರ ಕಾಯ್ದೆ, ಕೇಂದ್ರದ್ದು. ಆದರೆ ಅರ್ಜಿ ಓಡಾಡುವುದು ಇಲ್ಲೇ: ಗ್ರಾಮಸಭೆ, ಉಪವಿಭಾಗ ಸಮಿತಿ, ಜಿಲ್ಲಾ ಸಮಿತಿ. ಪರಿಶಿಷ್ಟ ಪಂಗಡದವರಲ್ಲದಿದ್ದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ಇದ್ದದ್ದಕ್ಕೆ ಸಾಕ್ಷಿ ಬೇಕು. ನಮ್ಮ ಕಡೆ ಎಷ್ಟೋ ಮನೆಗಳು ಇದೇ ಕಾರಣಕ್ಕೆ ನೆಮ್ಮದಿ ಕಳೆದುಕೊಂಡಿವೆ. "ಹಕ್ಕುಪತ್ರ ಕೊಡಿಸ್ತೀನಿ" ಅನ್ನುವವರಿಗೆ "ಆ 75 ವರ್ಷದ ಸಾಕ್ಷಿಗೆ ಏನು ದಾರಿ?" ಅಂತ ಕೇಳಿ. ಕಾಯ್ದೆ ಓದಿದ್ದಾರೋ ಇಲ್ಲವೋ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ನವಲಗುಂದ ಕಡೆಯಿಂದ:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮಲ್ಲಿ ಮಹದಾಯಿ ನದಿ ನೀರಿನ ವಿಷಯ ಹಾಗೇ ಆಗಿದೆ, ಗೋವಾ ಜೊತೆಗಿನ ಜಗಳ ಅದು. 2015ರಿಂದ ನಮ್ಮ ರೈತರು ಎಷ್ಟು ದಿನ ಬೀದಿಯಲ್ಲಿ ಕೂತಿದ್ದಾರೆ ಅಂತ ಲೆಕ್ಕ ಇಡುವುದೂ ಕಷ್ಟ. 2018ರಲ್ಲಿ ನ್ಯಾಯಮಂಡಳಿ ನಮಗೆ 13.42 ಟಿಎಂಸಿ ಅಂತ ಹೇಳಿತು, 2020ರಲ್ಲಿ ಅದು ಗೆಜೆಟ್‌ನಲ್ಲೂ ಬಂತು. ಆಮೇಲೂ ಅರಣ್ಯ, ವನ್ಯಜೀವಿ ಅನುಮತಿ ಅಂತ ಕಾಯುತ್ತಲೇ ಇದ್ದೆವು. ನಮ್ಮ ಕಡೆ ನೀರು ಬೇಡ ಅನ್ನುವ ಅಭ್ಯರ್ಥಿ ಹುಟ್ಟೇ ಇಲ್ಲ.

ಹಾಗಾಗಿ ನಾವು ಕೇಳುವುದು ಒಂದೇ. "ನಿಮ್ಮ ಪಕ್ಷ ಗೋವಾದಲ್ಲಿ ಒಂದು ಹೇಳುತ್ತೆ, ಇಲ್ಲಿ ಒಂದು ಹೇಳುತ್ತೆ. ಪಕ್ಷದ ಮೇಲಿನವರು ಸುಮ್ಮನಿರು ಅಂದರೆ ನೀವು ಏನು ಮಾಡುತ್ತೀರಿ?" ಯಾವ ಪಕ್ಷಕ್ಕಾದರೂ ಈ ಪ್ರಶ್ನೆ ಹೊಂದುತ್ತದೆ. "ಹೈಕಮಾಂಡ್ ಜೊತೆ ಮಾತಾಡ್ತೀನಿ" ಅಂದರೆ "ಈ ಹಿಂದೆ ಯಾವಾಗ ಮಾತಾಡಿದ್ದೀರಿ?" ಅಂತ ಮುಂದಕ್ಕೆ ಹೋಗಿ.

ನಿವೃತ್ತ ಶಿಕ್ಷಕಿ, ಚಿಂತಾಮಣಿ:
ಮಕ್ಕಳೇ, ಅಭ್ಯರ್ಥಿಗಳು ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರವನ್ನು ಸಭೆಗೆ ಮೊದಲು ಓದಿ. ನಮೂನೆ 26 ಅಂತಾರೆ. ಕ್ರಿಮಿನಲ್ ಪ್ರಕರಣ, ಆಸ್ತಿ, ಸಾಲ, ಓದು ಎಲ್ಲ ಅದರಲ್ಲಿ ಇರುತ್ತದೆ. 2002ರಲ್ಲಿ ಸುಪ್ರೀಂ ಕೋರ್ಟ್ ಇದು ಮತದಾರರ ಹಕ್ಕು ಅಂತ ಹೇಳಿದ ಮೇಲೆ ಬಂದದ್ದು. ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ತೆಗೆದು ನೋಡಬಹುದು. ಮೊದಲೂ ಸ್ಪರ್ಧಿಸಿದವರಾದರೆ ಹಳೆಯದನ್ನೂ ಪಕ್ಕಕ್ಕೆ ಇಟ್ಟುಕೊಳ್ಳಿ. ಭೂಮಿ, ಕೋರೆ, ಕಾಲೇಜು ಯಾರ ಹೆಸರಿನಲ್ಲಿ ಇದೆ ಅಂತ ಗೊತ್ತಿದ್ದರೆ, ಅದೇ ವಿಷಯದಲ್ಲಿ ಅವರು ಕೊಡುವ ಉತ್ತರ ಬೇರೆ ಥರ ಕೇಳಿಸುತ್ತದೆ. ಹೊಸಬರ ಪ್ರಮಾಣಪತ್ರ ನಾಮಪತ್ರ ಹಾಕಿದ ಮೇಲೇ ಸಿಗುವುದು, ನೆನಪಿರಲಿ.

ಬೆಂಗಳೂರಿನಿಂದ ಒಬ್ಬರು:
ನನ್ನದು ಬೇರೆ ಅಭಿಪ್ರಾಯ. ಶಾಸಕರಿಗೆ ದೇಶದ ವಿಷಯ ಯಾಕೆ? ನಮ್ಮ ರಸ್ತೆ, ಚರಂಡಿ, ಕಸ ನೋಡಿಕೊಂಡರೆ ಸಾಕಲ್ವಾ?

ಬೆಂಗಳೂರಿನಿಂದಲೇ ಇನ್ನೊಬ್ಬರು:
ಸರ್, ನಾನೂ ಹಾಗೇ ಅಂದುಕೊಂಡಿದ್ದೆ. ಚರಂಡಿ, ಬೀದಿದೀಪ, ಕಸ ನಿಜವಾಗಿ ಶಾಸಕರ ಕೆಲಸವೇ ಅಲ್ಲ. ಅದು ಪಾಲಿಕೆಯದ್ದು, ಹಳ್ಳಿಯಾದರೆ ಗ್ರಾಮ ಪಂಚಾಯಿತಿಯದ್ದು. ಆದರೆ ನಮ್ಮ ಪಾಲಿಕೆ ಬಿಬಿಎಂಪಿಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳದ್ದೂ 2021ರಲ್ಲಿ ಮುಗಿದು ಅದೇ ಗತಿ. ಕಾರ್ಪೊರೇಟರ್ ಇಲ್ಲದೆ ನಮ್ಮ ವಾರ್ಡ್‌ನವರು ಒಂದು ಬೀದಿದೀಪಕ್ಕೂ ಶಾಸಕರ ಕಚೇರಿ ಬಾಗಿಲಲ್ಲಿ ನಿಂತಿದ್ದೇವೆ. ಅದಕ್ಕೇ ನಾನು ಕೇಳುವ ಸ್ಥಳೀಯ ಪ್ರಶ್ನೆ ಇದು: "ಸ್ಥಳೀಯ ಸಂಸ್ಥೆ ಚುನಾವಣೆ ಸಮಯಕ್ಕೆ ಸರಿಯಾಗಿ ನಡೆಯಲಿ ಅಂತ ಸದನದಲ್ಲಿ ಎದ್ದು ಕೇಳುತ್ತೀರಾ?" ಅಧಿಕಾರ ಹಂಚಿಕೊಳ್ಳುವ ಮನಸ್ಸು ಇಲ್ಲದವರು ಇಲ್ಲಿ ಮಾತು ತಿರುಗಿಸುತ್ತಾರೆ.

ಇನ್ನು ದೇಶದ ವಿಷಯ. ಶಾಸಕರು ರಾಷ್ಟ್ರಪತಿ ಚುನಾವಣೆಯಲ್ಲಿ ಮತ ಹಾಕುತ್ತಾರೆ, ಕರ್ನಾಟಕದ ಒಬ್ಬ ಶಾಸಕರ ಮತಕ್ಕೆ 131ರ ಮೌಲ್ಯ ಇದೆ. ನಮ್ಮ 12 ರಾಜ್ಯಸಭಾ ಸದಸ್ಯರನ್ನು ಆರಿಸುವುದೂ ಅವರೇ. 2024ರ ಜುಲೈನಲ್ಲಿ ನಮ್ಮ ಸದನ ನೀಟ್, ಒಂದು ದೇಶ ಒಂದು ಚುನಾವಣೆ, ಕ್ಷೇತ್ರ ಮರುವಿಂಗಡಣೆ ಮೂರರ ವಿರುದ್ಧವೂ ನಿರ್ಣಯ ಮಾಡಿತು. ಹಾಲಿ ಶಾಸಕರೇ ಮತ್ತೆ ನಿಂತರೆ ಅವತ್ತು ಏನು ಮಾತಾಡಿದರು ಅಂತ ನೋಡಿ. ವಿಧಾನಸಭೆಯ ಜಾಲತಾಣದಲ್ಲಿ ಕಲಾಪದ ದಾಖಲೆ ಇರುತ್ತದೆ. ಕೇಂದ್ರ ರಾಜ್ಯಗಳಿಗೆ ಹಂಚುವ ತೆರಿಗೆಯ ಪಾಲು ತೆಗೆದುಕೊಳ್ಳಿ: 14ನೇ ಹಣಕಾಸು ಆಯೋಗದಲ್ಲಿ ನಮ್ಮ ಪಾಲು ಶೇ 4.713 ಇತ್ತು, 15ನೆಯದರಲ್ಲಿ ಶೇ 3.647ಕ್ಕೆ ಇಳಿಯಿತು. ನಮ್ಮ ಆಸ್ಪತ್ರೆ, ಶಾಲೆಗೆ ಎಷ್ಟು ದುಡ್ಡು ಉಳಿಯುತ್ತದೆ ಅನ್ನುವುದು ಇದಕ್ಕೂ ಅಂಟಿಕೊಂಡಿದೆ.

ಕೇಳಿದವರು:
ಇದು ನನಗೆ ಗೊತ್ತೇ ಇರಲಿಲ್ಲ, ತುಂಬಾ ಉಪಕಾರ. ನಮ್ಮ ಕಡೆ ಕಾಲುಸಂಕ ಜಾಸ್ತಿ ಕೇಳುತ್ತಾರೆ. ಅದು ಶಾಸಕರ ಕೈಯಲ್ಲಿ ಇದೆಯಾ?

ಶಿರಸಿಯ ಬೆಳೆಗಾರ ಮತ್ತೆ:
ಇದೆ. ಶಾಸಕರ ಕ್ಷೇತ್ರಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ 2 ಕೋಟಿ ಇರುತ್ತದೆ. ಇಡೀ ಕ್ಷೇತ್ರಕ್ಕೆ ಅಷ್ಟೇ. ಹಾಗಾಗಿ "ಸಂಕ ಮಾಡಿಸ್ತೀರಾ" ಅಂತ ಕೇಳಬೇಡಿ. ಮಳೆಗಾಲದಲ್ಲಿ ಮಕ್ಕಳು ಶಾಲೆಗೆ ದಾಟುವ ಹಳ್ಳಗಳ ಪಟ್ಟಿ ನೀವೇ ಮಾಡಿ ಕೈಗೆ ಕೊಡಿ. "ಮೊದಲ ವರ್ಷ ಇದರಲ್ಲಿ ಯಾವುದು, ಯಾಕೆ?" ಅಂತ ಕೇಳಿ. ಅಡಿಕೆ ವಿಷಯ ಬಂದರೆ ಎರಡು ಭಾಗ ಮಾಡಿ. ಆಮದು ಕೇಂದ್ರದ ಕೈಯಲ್ಲಿದೆ, 2022ರಲ್ಲಿ ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಗೆ ಅನುಮತಿ ಕೊಟ್ಟದ್ದು ಅವರೇ. ಎಲೆಚುಕ್ಕಿ ರೋಗಕ್ಕೆ ಔಷಧಿ ಸಹಾಯಧನ, ತೋಟಗಾರಿಕೆ ಇಲಾಖೆಯಲ್ಲಿ ಖಾಲಿ ಹುದ್ದೆ, ಇವು ರಾಜ್ಯದ ಕೈಯಲ್ಲಿವೆ. ಎರಡನ್ನೂ ಕಲಸಿ ಮಾತಾಡುವವರನ್ನು ಅಲ್ಲೇ ನಿಲ್ಲಿಸಿ.

ನ್ಯೂಜೆರ್ಸಿಯಿಂದ, ಮೂಲ ಊರು ಸಾಗರ:
ಸಭೆ ನಡೆಸುವ ರೀತಿ ಬಗ್ಗೆ ಒಂದು ಮಾತು. ನನಗೆ ಇಲ್ಲಿ ಮತ ಇಲ್ಲ, ಆದರೂ ಪಕ್ಕದ ಮನೆಯವರ ಜೊತೆ ರಾಜ್ಯ ಶಾಸನಸಭೆಯ ಅಭ್ಯರ್ಥಿಗಳ ಸಭೆಗೆ ಹೋಗಿದ್ದೆ. ಲೀಗ್ ಆಫ್ ವಿಮೆನ್ ವೋಟರ್ಸ್ ಅನ್ನುವ ಸಂಸ್ಥೆ ಇಂಥ ಸಭೆಗಳನ್ನು ನಡೆಸುತ್ತದೆ, ಅವರು ಯಾವ ಪಕ್ಷದ ಪರವೂ ಇಲ್ಲ. ಎಲ್ಲರಿಗೂ ಅವೇ ಪ್ರಶ್ನೆ, ಅಷ್ಟೇ ಸಮಯ. ಮನೆ ತೆರಿಗೆ ಬಗ್ಗೆ ಕೇಳಿದರು, ರೈಲಿನ ಬಗ್ಗೆ ಕೇಳಿದರು, ವಲಸೆ ಬಂದವರ ಬಗ್ಗೆಯೂ ಕೇಳಿದರು. ಜನ ಚೀಟಿಯಲ್ಲಿ ಬರೆದು ಕೊಟ್ಟರು. ಮೈಕ್ ಯಾರ ಕೈಗೂ ಸಿಗಲಿಲ್ಲ, ಅದರಿಂದ ಜಗಳವೂ ಆಗಲಿಲ್ಲ. ಮಾತಿಗೆ ಹೆದರುವ ಅಮ್ಮಂದಿರ ಪ್ರಶ್ನೆಯೂ ಹಾಗೆ ಬಂತು. ನಮ್ಮೂರಿನಲ್ಲೂ ಇದು ಆಗುತ್ತದೆ, ಖಂಡಿತ.

ನವಲಗುಂದ ಕಡೆಯಿಂದ:
ಚೀಟಿ ಒಳ್ಳೆಯದು. ಅದರ ಜೊತೆ ಉತ್ತರವನ್ನೂ ಬರೆಸಿ ಸಹಿ ಹಾಕಿಸಿಕೊಳ್ಳಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ನಾವು ಹಾಗೆ ಮಾಡದೆ ಕೆಟ್ಟೆವು. ಗೆದ್ದವರು ಎರಡು ವರ್ಷ ಆದಮೇಲೆ "ನಾನು ಹಾಗೆ ಹೇಳೇ ಇಲ್ಲ" ಅಂದಾಗ ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಪಕ್ಷ ಬಿಡುವ ಬಗ್ಗೆಯೂ ಕೇಳಿ. 2019ರಲ್ಲಿ 17 ಶಾಸಕರು ಅನರ್ಹರಾದರು, ಅದೇ ಡಿಸೆಂಬರ್‌ನಲ್ಲಿ 15 ಕಡೆ ಮತ್ತೆ ಚುನಾವಣೆ ಆಯಿತು. "ನಡುವೆ ಪಕ್ಷ ಬಿಡಬೇಕು ಅನ್ನಿಸಿದರೆ ಮೊದಲು ನಮ್ಮೂರಿಗೆ ಬಂದು ಹೇಳುತ್ತೀರಾ?" ಅನ್ನುವುದನ್ನೂ ಅದೇ ಹಾಳೆಯಲ್ಲಿ ಬರೆಸಿ.

ಚಿಂತಾಮಣಿ ಶಿಕ್ಷಕಿ:
ನೀತಿ ಸಂಹಿತೆ ಬಂದ ಮೇಲೆ ಸಭೆಗೆ ಅನುಮತಿ ಬೇಕಾಗುತ್ತದೆ. ಮೊದಲೇ ಒಮ್ಮೆ ನಡೆಸಿ. ಟಿಕೆಟ್ ಯಾರಿಗೆ ಅಂತ ಗೊತ್ತಾದ ಮೇಲೆ ಅವೇ ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕಳಿಸಿ. ಬಂದ ಉತ್ತರವನ್ನು ಹಾಲಿನ ಡೇರಿ ಗೋಡೆಗೆ ಅಂಟಿಸಿ, ಬೆಳಿಗ್ಗೆ ಎಲ್ಲರೂ ಅಲ್ಲಿಗೆ ಬರುತ್ತಾರೆ.

ಕೇಳಿದವರು:
ನಮ್ಮಲ್ಲಿ ಡೇರಿ ಇಲ್ಲ ಮೇಡಂ, ಬಸ್ ಸ್ಟಾಪಿನ ಹತ್ತಿರ ನ್ಯಾಯಬೆಲೆ ಅಂಗಡಿ ಇದೆ, ಅಲ್ಲಿ ಅಂಟಿಸುತ್ತೇವೆ. ಹಳ್ಳಗಳ ಪಟ್ಟಿ ಈ ಭಾನುವಾರವೇ ಶುರು ಮಾಡುತ್ತೇವೆ. ಎಂಟು ನನಗೆ ಗೊತ್ತಿವೆ, ಮೇಲಿನ ಕೇರಿಯವರನ್ನು ಕೇಳಬೇಕು.